‘ಇಲ್ಲ’ ಎನ್ನುವ ಹಕ್ಕು

2012ರ ಅಕ್ಟೋಬರ್ ಮುಗಿಯುವ ಹೊತ್ತಿಗೆ ಕೆನಡಾದ ಒಕ್ಕೂಟ ಸರ್ಕಾರ ತನ್ನದೇ ಕಂಪ್ಯೂಟರ್‌ಗಳಲ್ಲಿದ್ದ ಒಂದು ದೊಡ್ಡ ಲೆಕ್ಕವನ್ನು ಅಳಿಸಿ ಮುಗಿಸಿತು. ಯಾರ ಮನೆಯಲ್ಲಿ ಯಾವ ರೈಫಲ್ ಇದೆ, ಯಾವ ರೈತನ ಕೊಟ್ಟಿಗೆಯಲ್ಲಿ ಯಾವ ಶಾಟ್‌ಗನ್ ಇದೆ, ಅದರ ಮೇಲೆ ಕೊರೆದ ನಂಬರು ಯಾವುದು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಲಕ್ಷಗಟ್ಟಲೆ ಸಾಲುಗಳ ಲೆಕ್ಕ ಅದು. ಕೋರ್ಟಿನ ಮೆಟ್ಟಿಲೇರಿದ್ದ ಕ್ವಿಬೆಕ್ ಪ್ರಾಂತ್ಯದ ದಾಖಲೆ ಮಾತ್ರ ಆಗ ಉಳಿದುಕೊಂಡಿತು. ಆ ವರ್ಷದ ಏಪ್ರಿಲ್ 5ರಂದು ಅಂಕಿತ ಬಿದ್ದ ಕಾಯ್ದೆ ಉದ್ದ ಬಂದೂಕುಗಳ ನೋಂದಣಿಯನ್ನು ನಿಲ್ಲಿಸಿತ್ತು. ಜೊತೆಗೆ, ಅದುವರೆಗೆ ಬರೆದಿಟ್ಟದ್ದನ್ನೆಲ್ಲ ನಾಶಮಾಡಬೇಕೆಂದೂ ಹೇಳಿತ್ತು.

ಇದರಿಂದ ಜನರ ಪ್ರಾಣಕ್ಕೆ ಕುತ್ತು ಹೆಚ್ಚಿತೇ?

ಎರಡೂ ಕಡೆಯವರ ಬಳಿ ಸಿದ್ಧ ಉತ್ತರವಿದೆ. ನೋಂದಣಿಯನ್ನು ವಿರೋಧಿಸಿದವರು, ಕಾಯ್ದೆ ಹೋಯಿತು, ಆಕಾಶವೇನೂ ಕಳಚಿ ಬೀಳಲಿಲ್ಲ ಎನ್ನುತ್ತಾರೆ. ಬೆಂಬಲಿಸಿದವರು ನಂತರದ ವರ್ಷಗಳಲ್ಲಿ ಏರಿದ ಕೊಲೆಗಳ ರೇಖೆಯನ್ನು ತೋರಿಸುತ್ತಾರೆ. ಮೇಲ್ನೋಟಕ್ಕೆ ಇದು ಪೊಲೀಸ್ ಇಲಾಖೆಯ ಅಂಕಿಸಂಖ್ಯೆಯ ಜಗಳ. ಸ್ವಲ್ಪ ಇಳಿದು ನೋಡಿದರೆ ಅದರ ಅಡಿಯಲ್ಲಿ ಹಳೆಯದೊಂದು ತತ್ವಪ್ರಶ್ನೆ ಕೂತಿದೆ: ನಡೆಯದೆ ಹೋದದ್ದನ್ನು ಮನುಷ್ಯ ಹೇಗೆ ತಿಳಿಯುತ್ತಾನೆ? ‘ಇಲ್ಲ’ ಎಂದು ಖಚಿತವಾಗಿ ಹೇಳುವ ಹಕ್ಕು ಯಾರಿಗೆ, ಯಾವಾಗ ಬರುತ್ತದೆ?

ಭಾರತೀಯ ದಾರ್ಶನಿಕರು ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದರು. ನೆಲದ ಮೇಲೆ ಗಡಿಗೆ ಇಲ್ಲ ಎಂಬ ತಿಳಿವು ಎಲ್ಲಿಂದ ಬರುತ್ತದೆ? ಇಲ್ಲದ ವಸ್ತುವನ್ನು ಕಣ್ಣು ನೋಡಲಾರದು. ಹಾಗಾಗಿ ಕುಮಾರಿಲ ಭಟ್ಟನ ಪಂಥದ ಮೀಮಾಂಸಕರೂ ಅವರ ಹಿಂದೆ ಅದ್ವೈತಿಗಳೂ ಪ್ರತ್ಯಕ್ಷ, ಅನುಮಾನಗಳ ಸಾಲಿನಲ್ಲಿ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಒಪ್ಪಿದರು. ಕಾಣದಿರುವುದೇ ಇಲ್ಲದಿರುವುದಕ್ಕೆ ಪ್ರಮಾಣ ಎಂಬುದು ಅದರ ಸಾರ. ನೈಯಾಯಿಕರು ಇದಕ್ಕೆ ಪ್ರತ್ಯೇಕ ಪ್ರಮಾಣ ಬೇಡವೆಂದು ವಾದಿಸಿದರು. ಪ್ರಭಾಕರನ ಪಂಥದವರು ಅಭಾವ ಎಂಬ ಬೇರೆ ಪದಾರ್ಥವನ್ನೇ ಒಪ್ಪಲಿಲ್ಲ. ಆದರೆ ಅನುಪಲಬ್ಧಿಯನ್ನು ಒಪ್ಪಿದವರು ಅದಕ್ಕೆ ಕಟ್ಟುನಿಟ್ಟಾದ ಒಂದು ಷರತ್ತು ಹಾಕಿದರು. ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿ ಇರಬೇಕು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಹದಿನೇಳನೆಯ ಶತಮಾನದಲ್ಲಿ ಧರ್ಮರಾಜಾಧ್ವರೀಂದ್ರ ‘ವೇದಾಂತಪರಿಭಾಷಾ’ದಲ್ಲಿ ಇದನ್ನು ಬಿಡಿಸಿಡುವಾಗ ಇನ್ನೊಂದು ಹೆಜ್ಜೆ ಮುಂದಿಟ್ಟ: ಪುಣ್ಯಪಾಪಗಳು ಸ್ವಭಾವದಿಂದಲೇ ಕಣ್ಣಿಗೆ ಬೀಳುವಂಥವಲ್ಲ, ಆದ್ದರಿಂದ ಕಾಣಲಿಲ್ಲವೆಂಬ ಕಾರಣಕ್ಕೆ ಅವು ಇಲ್ಲ ಎನ್ನಲಾಗದು.

ಕೆನಡಾದ ಕಥೆಯನ್ನು ಈ ಷರತ್ತಿನ ಎದುರು ಇಟ್ಟು ನೋಡಬೇಕು.

1989ರ ಡಿಸೆಂಬರ್ 6ರ ಸಂಜೆ ಮಾಂಟ್ರಿಯಲ್‌ನ ಎಕೋಲ್ ಪಾಲಿಟೆಕ್ನಿಕ್ ಎಂಬ ಎಂಜಿನಿಯರಿಂಗ್ ಕಾಲೇಜಿಗೆ ಯುವಕನೊಬ್ಬ ರೂಗರ್ ಮಿನಿ-14 ರೈಫಲ್ ಹಿಡಿದು ಬಂದ. ತರಗತಿಯೊಂದರಲ್ಲಿ ಗಂಡುಹುಡುಗರನ್ನು ಹೊರಗೆ ಕಳಿಸಿ ಹೆಣ್ಣುಮಕ್ಕಳನ್ನು ಬೇರೆ ನಿಲ್ಲಿಸಿದ. ಸ್ತ್ರೀವಾದಿಗಳ ಮೇಲಿನ ದ್ವೇಷವನ್ನು ಬಾಯಿಬಿಟ್ಟು ಹೇಳಿ ಗುಂಡು ಹಾರಿಸಿದ. ಇಪ್ಪತ್ತು ನಿಮಿಷದೊಳಗೆ ಹದಿನಾಲ್ಕು ಮಹಿಳೆಯರು ಸತ್ತಿದ್ದರು. ಅವರಲ್ಲಿ ಹನ್ನೆರಡು ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿನಿಯರು. ರೈಫಲನ್ನು ಅವನು ಅಂಗಡಿಯಲ್ಲಿ ಕಾನೂನುಬದ್ಧವಾಗಿಯೇ ಕೊಂಡಿದ್ದ. ಕೆನಡಾದಲ್ಲಿ ಪಿಸ್ತೂಲುಗಳಿಗೆ 1934ರಿಂದಲೂ ನೋಂದಣಿ ಇತ್ತು, ರೈಫಲ್‌ಗೆ ಇರಲಿಲ್ಲ. ಅದೇ ಕಾಲೇಜಿನ ವಿದ್ಯಾರ್ಥಿನಿ ಹೈಡಿ ರಾಥ್‌ಜೆನ್ ಮತ್ತು ಟೊರಾಂಟೊದ ಪ್ರಾಧ್ಯಾಪಕಿ ವೆಂಡಿ ಕುಕಿಯರ್ ಬಂದೂಕು ನಿಯಂತ್ರಣಕ್ಕಾಗಿ ದೇಶವ್ಯಾಪಿ ಒಕ್ಕೂಟ ಕಟ್ಟಿದರು. ನಾಲ್ಕು ಗುಂಡೇಟು ತಿಂದು ಬದುಕಿದ ನತಾಲಿ ಪ್ರೊವೊ ಮುಂದೆ ಆ ಹೋರಾಟದ ದನಿಯಾದರು. 2025ರ ಚುನಾವಣೆಯಲ್ಲಿ ಗೆದ್ದು ಸಂಸತ್ತಿಗೂ ಬಂದರು.

ಪ್ರಧಾನಿ ಜಾನ್ ಕ್ರೆಟಿಯನ್ ಅವರ ಲಿಬರಲ್ ಸರ್ಕಾರ 1995ರಲ್ಲಿ ಬಂದೂಕು ಕಾಯ್ದೆ ತಂದಿತು. ಬಂದೂಕು ಇಟ್ಟುಕೊಳ್ಳುವವನಿಗೆ ಲೈಸೆನ್ಸ್ ಬೇಕು, ಅವನ ಪ್ರತಿ ಬಂದೂಕಿಗೂ ನೋಂದಣಿ ಬೇಕು. ಎರಡೂ ಬೇರೆಬೇರೆ ವಿಷಯ. ಲೈಸೆನ್ಸ್ ಮನುಷ್ಯನ ಬಗ್ಗೆ ಹೇಳುತ್ತದೆ, ನೋಂದಣಿ ವಸ್ತುವಿನ ಬಗ್ಗೆ. 2012ರಲ್ಲಿ ಹೋದದ್ದು ಎರಡನೆಯದು, ಅದೂ ಸಾಮಾನ್ಯ ರೈಫಲ್ ಮತ್ತು ಶಾಟ್‌ಗನ್‌ಗಳದ್ದು ಮಾತ್ರ. ಪಿಸ್ತೂಲಿನ ನೋಂದಣಿಯೂ ಲೈಸೆನ್ಸೂ ಇಂದಿಗೂ ಇವೆ. ಈ ವ್ಯತ್ಯಾಸ ತಿಳಿಯದೆ ನಡೆಯುವ ವಾದಗಳೆಲ್ಲ ದಾರಿ ತಪ್ಪುತ್ತವೆ.

ಕಾಯ್ದೆಗೆ ಹಳ್ಳಿಗಳಿಂದ ಬಂದ ಸಿಟ್ಟು ಸಣ್ಣದಲ್ಲ, ಸುಳ್ಳೂ ಅಲ್ಲ. ಸಸ್ಕಾಚೆವನ್‌ನ ಗೋಧಿ ಬೆಳೆಗಾರನಿಗೆ, ಆಲ್ಬರ್ಟಾದ ದನ ಸಾಕುವವನಿಗೆ, ಉತ್ತರದ ಹಿಮಸೀಮೆಯಲ್ಲಿ ಸೀಲ್ ಮತ್ತು ಕ್ಯಾರಿಬೂ ಬೇಟೆಯಿಂದಲೇ ಮನೆಯ ಒಲೆ ಉರಿಸುವ ಇನುಯಿಟ್ ಜನರಿಗೆ ಬಂದೂಕು ದಿನನಿತ್ಯದ ಸಾಮಾನು. ಅಜ್ಜ ಮೊಮ್ಮಗನಿಗೆ ಕೊಟ್ಟ ರೈಫಲ್‌ಗೆ ಕಾಗದ ಮಾಡಿಸದಿದ್ದರೆ ಅಪರಾಧ ಸಂಹಿತೆಯಡಿ ಮೊಕದ್ದಮೆ ಬೀಳಬಹುದಿತ್ತು. ನಗರದಲ್ಲಿ ಪಾತಕಿ ಕಳ್ಳಸಾಗಣೆಯ ಪಿಸ್ತೂಲಿನಿಂದ ಕೊಲ್ಲುತ್ತಾನೆ, ಅರ್ಜಿ ತುಂಬಿ ಸರತಿಯಲ್ಲಿ ನಿಲ್ಲುವವನು ನಾನು ಎಂದು ರೈತ ಕೇಳಿದ. ಸಸ್ಕಾಚೆವನ್‌ನ ಸಂಸದ ಗ್ಯಾರಿ ಬ್ರೈಟ್‌ಕ್ರೂಟ್ಸ್ ಈ ಪ್ರಶ್ನೆಯನ್ನು ವರ್ಷಗಟ್ಟಲೆ ಸಂಸತ್ತಿನಲ್ಲಿ ಎತ್ತುತ್ತಲೇ ಇದ್ದರು. ಸರ್ಕಾರವೂ ಅವರ ಕೈಗೆ ಬಡಿಗೆ ಕೊಟ್ಟಿತು. ಶುಲ್ಕ ಕಳೆದು ತೆರಿಗೆದಾರನಿಗೆ ಬೀಳುವ ಹೊರೆ 20 ಲಕ್ಷ ಡಾಲರ್ ಎಂದು ಮೊದಲು ಹೇಳಿದ್ದ ಯೋಜನೆ, ಕೆಲವೇ ವರ್ಷಗಳಲ್ಲಿ 100 ಕೋಟಿ ಡಾಲರ್ ನುಂಗಲಿದೆ ಎಂದು 2002ರ ಡಿಸೆಂಬರ್‌ನಲ್ಲಿ ಮಹಾಲೆಕ್ಕಪರಿಶೋಧಕಿ ಶೀಲಾ ಫ್ರೇಸರ್ ವರದಿ ಮಾಡಿದರು. ಜನರ ದುಡ್ಡಿನ ವಿಷಯದಲ್ಲಿ ಇಷ್ಟು ದೊಡ್ಡ ಲೆಕ್ಕ ತಪ್ಪಿದ ಸರ್ಕಾರವನ್ನು ಜನರ ಬಂದೂಕಿನ ಲೆಕ್ಕದಲ್ಲಿ ನಂಬುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಬಂದೂಕು ಮನೆತನದ ಮಾನವೂ ಆಗಿರಬಹುದು ಎಂಬುದು ಕನ್ನಡದ ಓದುಗರಿಗೆ ಹೊಸದೇನಲ್ಲ. ಕೊಡಗಿನಲ್ಲಿ ಕೈಲ್‌ ಪೋಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ನಡೆಯುತ್ತದೆ. ಗಂಡುಮಗು ಹುಟ್ಟಿದಾಗಲೂ ಮನೆಯಲ್ಲಿ ಸಾವಾದಾಗಲೂ ಗುಂಡು ಹಾರಿಸುವ ಪದ್ಧತಿಯಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ವಿನಾಯಿತಿ ಪತ್ರವನ್ನು ಜಿಲ್ಲಾಡಳಿತದಿಂದ ಪಡೆಯಲೇಬೇಕು. ಪೂಜೆಗೊಳ್ಳುವ ಕೋವಿಗೂ ಒಂದು ಕಾಗದವಿದೆ, ಅದರಿಂದ ಪೂಜೆಗೆ ಕುಂದು ಬಂದಿಲ್ಲ. ಕೆನಡಾದ ಬೇಟೆಗಾರನ ನೋವನ್ನು ಅರ್ಥಮಾಡಿಕೊಳ್ಳಲು ಈ ಉದಾಹರಣೆ ನೆರವಾಗುತ್ತದೆ. ಬರೆಸಿಕೊಳ್ಳುವುದೇ ಅವಮಾನ ಎಂಬ ಅವನ ತೀರ್ಮಾನವನ್ನು ಒಪ್ಪಲು ಅದು ಸಾಲದು.

ಅವಮಾನದ ಈ ವಾದವನ್ನು ಧರ್ಮದ ದೃಷ್ಟಿಯಿಂದಲೂ ತೂಗಬೇಕು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಜೈನ ಗೃಹಸ್ಥನ ನಡೆಯ ಬಗೆಗಿನ ಗ್ರಂಥ. ವಿನಾಕಾರಣ ಮಾಡುವ ಪಾಪಗಳಲ್ಲಿ ಅದು ಹಿಂಸಾದಾನವನ್ನು ಸೇರಿಸುತ್ತದೆ: ಕೊಲ್ಲಲು ನೆರವಾಗುವ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದು. ಆ ಪಟ್ಟಿಯಲ್ಲಿ ಕತ್ತಿ ಮಾತ್ರ ಇಲ್ಲ. ಕೊಡಲಿ, ಗುದ್ದಲಿ, ಬೆಂಕಿಯೂ ಇವೆ. ಇದು ಗಮನಿಸಬೇಕಾದ ಸಂಗತಿ. ಕೊಡಲಿ, ಗುದ್ದಲಿಗಳು ರೈತನ ಉಪಕರಣಗಳೇ. ಉಪಕರಣ ಎಂಬ ಕಾರಣಕ್ಕೆ ಕೊಟ್ಟವನು ಹೊಣೆಯಿಂದ ಪಾರಾಗುವುದಿಲ್ಲ. ಅದು ಯಾರ ಕೈ ಸೇರುತ್ತದೆ ಎಂಬುದನ್ನು ಅವನು ನೋಡಿಕೊಳ್ಳಬೇಕು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವೂ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಎಚ್ಚರಗೇಡಿತನದಲ್ಲಿ ಕಾಣುತ್ತದೆ. ದ್ವೇಷವಿಲ್ಲದವನೂ ಎಚ್ಚರ ತಪ್ಪಿದರೆ ಹಿಂಸೆಯಲ್ಲಿ ಪಾಲುಗಾರ.

ಬಂದೂಕಿನ ನೋಂದಣಿ ಮೂಲದಲ್ಲಿ ಇದೇ ಎಚ್ಚರದ ಆಡಳಿತರೂಪ. ಒಬ್ಬನ ಹೆಸರಲ್ಲಿ ಬಂದೂಕು ಇದೆಯೆಂದರೆ ಅದು ಎಲ್ಲಿದೆ ಎಂದು ಅವನನ್ನು ಕೇಳಬಹುದು. ಮಾರಿದರೆ ಯಾರಿಗೆ ಮಾರಿದ, ಕಳೆದರೆ ಏಕೆ ದೂರು ಕೊಡಲಿಲ್ಲ ಎಂದೂ ಕೇಳಬಹುದು. ಕೇಳುವುದು ಎಂದರೆ ಅಪರಾಧಿ ಎನ್ನುವುದಲ್ಲ. ಹೊಲಕ್ಕೆ ಪಹಣಿ ಇದೆ, ಕಾರಿಗೆ ಆರ್‌ಸಿ ಇದೆ, ಮಗುವಿಗೆ ಜನನ ಪತ್ರ ಇದೆ; ಇವುಗಳಿಂದ ಯಾರೂ ಅವಮಾನಿತರಾಗಿಲ್ಲ. ಆಲ್ಬರ್ಟಾ ಪ್ರಾಂತ್ಯ ಬಂದೂಕಿನ ನೋಂದಣಿ ಒಕ್ಕೂಟದ ಅಧಿಕಾರಕ್ಕೆ ಮೀರಿದ್ದೆಂದು ವಾದಿಸಿದಾಗ 2000ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಒಮ್ಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಬಂದೂಕು ಅಪಾಯಕಾರಿ ವಸ್ತುವಾದ್ದರಿಂದ ಅದರ ನೋಂದಣಿ ಸಾರ್ವಜನಿಕ ಸುರಕ್ಷತೆಯ ಮಾತು, ಬರಿಯ ಆಸ್ತಿಯ ಮಾತಲ್ಲ ಎಂಬುದು ಆ ತೀರ್ಪಿನ ತಿರುಳು.

ದಿನದ ಕೆಲಸದಲ್ಲಿ ಆ ಲೆಕ್ಕದಿಂದ ಏನಾಗುತ್ತಿತ್ತು ಎಂಬುದನ್ನೂ ನೋಡಬೇಕು, ಏಕೆಂದರೆ ಪತ್ರಿಕೆಗಳ ತಲೆಬರಹದಲ್ಲಿ ಬರುವ ಹತ್ಯಾಕಾಂಡಗಳು ಒಟ್ಟು ಸಾವುಗಳ ಸಣ್ಣ ಭಾಗ. ಕೆನಡಾದಲ್ಲಿ ಗುಂಡಿಗೆ ಸಾಯುವವರಲ್ಲಿ ಬಹುಪಾಲು ಜನ ತಮ್ಮ ಮೇಲೆ ತಾವೇ ಗುಂಡು ಹಾರಿಸಿಕೊಂಡವರು. ಹಳ್ಳಿಗಾಡಿನಲ್ಲಿ ಗಂಡನಿಂದ ಹೆದರಿಕೆಗೊಳಗಾಗುವ ಹೆಂಗಸಿನ ಎದುರು ಇರುವುದೂ ಸಾಮಾನ್ಯವಾಗಿ ಮನೆಯ ರೈಫಲ್ ಅಥವಾ ಶಾಟ್‌ಗನ್. ಇಂಥ ಮನೆಯಿಂದ ಬಂದೂಕು ತೆಗೆಸಲು ನ್ಯಾಯಾಧೀಶರು ಆದೇಶ ಕೊಟ್ಟರು ಎನ್ನೋಣ. ಪೊಲೀಸರು ಬಾಗಿಲು ತಟ್ಟಿದಾಗ ಮನೆಯಾತ ಎರಡು ರೈಫಲ್ ತಂದು ಕೊಡುತ್ತಾನೆ. ಇದ್ದದ್ದು ಎರಡೋ ಐದೋ? ನೋಂದಣಿ ಇದ್ದಾಗ ಈ ಪ್ರಶ್ನೆಗೆ ಉತ್ತರ ಇತ್ತು. ಈಗ ಅವನ ಮಾತನ್ನು ನಂಬಬೇಕು, ಇಲ್ಲವೇ ಹೆಂಡತಿಯನ್ನು ಅವನೆದುರೇ ಕೇಳಬೇಕು. ಕೆನಡಾದ ಪೊಲೀಸ್ ಮುಖ್ಯಸ್ಥರ ಸಂಘ ನೋಂದಣಿಯ ಪರ ನಿಂತದ್ದಕ್ಕೆ ಇಂಥ ಸಂದರ್ಭಗಳೂ ಒಂದು ಕಾರಣ. 2005ರಲ್ಲಿ ಆಲ್ಬರ್ಟಾದ ಮೇಯರ್‌ಥಾರ್ಪ್ ಬಳಿ ನಾಲ್ವರು ಪೊಲೀಸರು ಕೊಲೆಯಾದ ಸ್ಥಳದಲ್ಲಿ ಸಿಕ್ಕ ನೋಂದಾಯಿತ ರೈಫಲೊಂದು, ಕೊಲೆಗಾರನಿಗೆ ನೆರವಾದವರ ಕಡೆಗೆ ತನಿಖೆಯನ್ನು ಒಯ್ದಿತ್ತು.

ಆ ಗಂಡ ಮೂರನೆಯ ರೈಫಲನ್ನೂ ಒಪ್ಪಿಸಿದ, ಹೆಂಡತಿ ಬದುಕಿ ಮೊಮ್ಮಕ್ಕಳನ್ನು ಕಂಡಳು ಎಂದುಕೊಳ್ಳಿ. ಆಕೆ ಯಾವ ಅಂಕಿಪಟ್ಟಿಯಲ್ಲೂ ಬರುವುದಿಲ್ಲ. ತಾನು ಉಳಿದೆ ಎಂಬುದು ಆಕೆಗೂ ಗೊತ್ತಿರುವುದಿಲ್ಲ. ಸತ್ತವರಿಗೆ ಹೆಸರಿದೆ, ಉಳಿದವರಿಗೆ ಇಲ್ಲ. ಧರ್ಮರಾಜಾಧ್ವರೀಂದ್ರ ಪುಣ್ಯಪಾಪಗಳ ಬಗ್ಗೆ ಕೊಟ್ಟ ಎಚ್ಚರಿಕೆ ಇಲ್ಲಿ ಹಾಗೆಯೇ ಸಲ್ಲುತ್ತದೆ. ತಪ್ಪಿದ ಸಾವು ಸ್ವಭಾವದಿಂದಲೇ ಕಾಣದ ವಸ್ತು. ಅದು ಕಾಣಲಿಲ್ಲ ಎಂಬುದನ್ನು ಅದು ಇರಲಿಲ್ಲ ಎಂಬುದಕ್ಕೆ ಪುರಾವೆಯಾಗಿ ತರುವುದು ತರ್ಕದೋಷ.

ಇದರ ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ಕಾಣದ ಪುಣ್ಯವನ್ನು ಬೇಕಾದಷ್ಟು ಎಣಿಸಿಕೊಳ್ಳುವ ಹಕ್ಕೂ ಯಾರಿಗೂ ಇಲ್ಲ. 2006ರ ಸೆಪ್ಟೆಂಬರ್ 13ರಂದು ಮಾಂಟ್ರಿಯಲ್‌ನ ಡಾಸನ್ ಕಾಲೇಜಿನಲ್ಲಿ ಗುಂಡು ಹಾರಿಸಿ ಒಬ್ಬ ವಿದ್ಯಾರ್ಥಿನಿಯನ್ನು ಕೊಂದವನ ಬಂದೂಕುಗಳು ಕಾನೂನುಬದ್ಧವಾಗಿ ನೋಂದಣಿಯಾದವು. ಸರ್ಕಾರಕ್ಕೆ ಬಂದೂಕು ಗೊತ್ತಿತ್ತು, ಮನಸ್ಸು ಗೊತ್ತಿರಲಿಲ್ಲ. ತುರ್ತು ಚಿಕಿತ್ಸೆಯ ವೈದ್ಯ ಕೈಲಿನ್ ಲ್ಯಾಂಗ್‌ಮನ್ 1974ರಿಂದ 2008ರವರೆಗಿನ ಕೊಲೆಗಳ ಅಂಕಿಗಳನ್ನು ಜಾಲಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕೆನಡಾದ ಬಂದೂಕು ಕಾಯ್ದೆಗಳ ಗಮನಾರ್ಹ ಪರಿಣಾಮವೇನೂ ಕಾಣಲಿಲ್ಲ. ಕ್ವಿಬೆಕ್‌ನ ಎತಿಯೆನ್ ಬ್ಲೇ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ವಿರುದ್ಧವಾಗಿ, ಕಾಯ್ದೆಯ ನಂತರ ಬಂದೂಕಿನ ಕೊಲೆಗಳು ತಗ್ಗಿದ್ದನ್ನು ಕಂಡಿತು. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಅಂಕಿಗಳು, ಎರಡು ತೀರ್ಮಾನ. ಬಂದೂಕಿನ ಕೊಲೆಗಳು 1970ರ ದಶಕದಿಂದಲೇ ಇಳಿಯುತ್ತಿದ್ದವು. ಇಳಿಯುವ ರೇಖೆಯಲ್ಲಿ ಕಾಯ್ದೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

2012ರ ನಂತರದ ಅಂಕಿಗಳೂ ಅಷ್ಟೇ ಜಟಿಲ. ಆ ವರ್ಷ ಕೆನಡಾದಲ್ಲಿ ಗುಂಡಿನಿಂದ ಕೊಲೆಯಾದವರು 172 ಮಂದಿ. ಮರುವರ್ಷ ಅದು 131ಕ್ಕೆ ಇಳಿಯಿತು. ನೋಂದಣಿ ಹೋದ ಬೆನ್ನಲ್ಲೇ ಕೊಲೆ ಕಡಿಮೆಯಾಯಿತು ಎಂದು ವಿರೋಧಿಗಳು ಸಂಭ್ರಮಿಸಬಹುದಿತ್ತು. 2016ರಲ್ಲಿ 223, 2017ರಲ್ಲಿ 266, 2022ರಲ್ಲಿ 342. ಈಗ ಬೆಂಬಲಿಗರ ಸರದಿ. ಆದರೆ ಈ ಏರಿಕೆಯಲ್ಲಿ ದೊಡ್ಡ ಪಾಲು ನಗರಗಳ ಗ್ಯಾಂಗುಗಳ ಪಿಸ್ತೂಲಿನದ್ದು. ಪಿಸ್ತೂಲಿನ ನೋಂದಣಿ ಒಂದು ದಿನವೂ ನಿಂತಿರಲಿಲ್ಲ. ಉದ್ದ ಬಂದೂಕಿನ ನೋಂದಣಿ ರದ್ದಾದದ್ದೇ ಈ ಏರಿಕೆಗೆ ಕಾರಣ ಎನ್ನುವುದು ಪ್ರಾಮಾಣಿಕ ವಾದವಲ್ಲ. ಒಳ್ಳೆಯ ಉದ್ದೇಶಕ್ಕೆ ಕೆಟ್ಟ ಪುರಾವೆ ತಂದರೆ ಉದ್ದೇಶವೇ ಸೊರಗುತ್ತದೆ.

ಹಾಗಾದರೆ ಸರಿಯಾದ ಉತ್ತರಕ್ಕೆ ಏನು ಬೇಕಿತ್ತು? ಕೊಲೆಗೆ ಬಳಸಿದ ಪ್ರತಿ ರೈಫಲ್ ಎಲ್ಲಿಂದ ಬಂತು, ಕೊನೆಯದಾಗಿ ಯಾರ ಹೆಸರಲ್ಲಿತ್ತು, ಕಾನೂನುಬದ್ಧ ಕೈಯಿಂದ ಕಾನೂನುಬಾಹಿರ ಕೈಗೆ ಯಾವಾಗ ಜಾರಿತು ಎಂಬ ಜಾಡು ಬೇಕಿತ್ತು. ಕೊಲೆಯ ಸಂಖ್ಯೆ ಎಣಿಸಲು ನೋಂದಣಿ ಬೇಡ. ಬಂದೂಕು ನಡೆದು ಬಂದ ದಾರಿಯನ್ನು ತಿಳಿಯಲು ಅದು ಬೇಕು. ಆ ದಾರಿಯ ನಕ್ಷೆಯನ್ನೇ 2012ರಲ್ಲಿ ಅಳಿಸಲಾಯಿತು. ಕೋಣೆಯ ದೀಪ ಆರಿಸಿದವರೇ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಇಲ್ಲ ಎಂದು ಹೇಳುತ್ತಿದ್ದಾರೆ. ಮೀಮಾಂಸಕರು ಒಪ್ಪದ ವಾದ ಅದು.

ದೀಪ ಆರಿಸಿದ ಬಗೆಯನ್ನು ವಿವರವಾಗಿ ಹೇಳಬೇಕು. ಈ ಕಥೆಯಲ್ಲಿ ನೈತಿಕವಾಗಿ ಅತ್ಯಂತ ಕಳವಳದ ಭಾಗ ಅದೇ. ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಪಕ್ಷ 2006ರಿಂದಲೇ ರದ್ದತಿಯ ಮಾತಾಡುತ್ತಿತ್ತು, ಬಹುಮತ ಇರಲಿಲ್ಲ. 2010ರಲ್ಲಿ ಮೊದಲ ಸಲ ತಪ್ಪಿದವರಿಗೆ ಮೊಕದ್ದಮೆಯ ಬದಲು ದಂಡ ಸಾಕು ಎಂಬ ನಡುದಾರಿಯನ್ನು ಲಿಬರಲ್ ನಾಯಕ ಮೈಕಲ್ ಇಗ್ನಾಟಿಯೆಫ್ ಮುಂದಿಟ್ಟರು. ರೈತನ ನ್ಯಾಯವಾದ ದೂರಿಗೆ ಅದರಲ್ಲಿ ಉತ್ತರವಿತ್ತು. ಯಾರೂ ಕಿವಿಗೊಡಲಿಲ್ಲ. ಆ ಸೆಪ್ಟೆಂಬರ್ 22ರಂದು ರದ್ದತಿಯ ಖಾಸಗಿ ಮಸೂದೆ 153ಕ್ಕೆ 151 ಮತಗಳಿಂದ ಬಿತ್ತು. ಮರುವರ್ಷ ಹಾರ್ಪರ್‌ಗೆ ಪೂರ್ಣ ಬಹುಮತ ಬಂತು. ಹೊಸ ಮಸೂದೆಯಲ್ಲಿ ದಾಖಲೆ ನಾಶದ ಕಲಮೂ ಸೇರಿತು. ತಮ್ಮ ಜನರ ಮಾಹಿತಿಯನ್ನಾದರೂ ತಮಗೆ ಕೊಡಿ, ನಾವೇ ನೋಂದಣಿ ನಡೆಸುತ್ತೇವೆ ಎಂದು ಕ್ವಿಬೆಕ್ ಬೇಡಿತು, ಕೋರ್ಟಿಗೆ ಹೋಯಿತು. 2015ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರಂತೆ ತೀರ್ಪು ಕೊಟ್ಟಿತು: ನಾಶಮಾಡುವ ಅಧಿಕಾರ ಸಂಸತ್ತಿಗಿದೆ. ಭಿನ್ನಮತ ಬರೆದ ನಾಲ್ವರಲ್ಲಿ ಮೂವರು ಕ್ವಿಬೆಕ್‌ನ ನ್ಯಾಯಾಧೀಶರು.

ಅಷ್ಟಕ್ಕೇ ಮುಗಿಯಲಿಲ್ಲ. ನಾಶಕ್ಕೆ ಮುಂಚೆಯೇ ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಆ ದಾಖಲೆಗಳನ್ನು ಕೇಳಿದ್ದರು. ಅರ್ಜಿ ಬಾಕಿಯಿರುವಾಗಲೇ ಅವು ಅಳಿದುಹೋದವು. ಇದು ಮಾಹಿತಿ ಹಕ್ಕಿನ ಉಲ್ಲಂಘನೆ ಎಂದು ಮಾಹಿತಿ ಆಯುಕ್ತೆ ಸುಜಾನ್ ಲೆಗೊ ಕಂಡುಕೊಂಡರು. ಸರ್ಕಾರ ಏನು ಮಾಡಿತು? 2015ರ ಬಜೆಟ್ ಮಸೂದೆಯ ಒಳಗೆ ಒಂದು ಕಲಮು ಸೇರಿಸಿ, ಆ ದಾಖಲೆಗಳಿಗೆ ಮಾಹಿತಿ ಹಕ್ಕೇ ಅನ್ವಯಿಸದು ಎಂದು ಹಿಂದಿನ ದಿನಾಂಕದಿಂದ, ಅಂದರೆ 2011ರ ಅಕ್ಟೋಬರ್ 25ರಿಂದಲೇ ಜಾರಿಯಾಗುವಂತೆ ಕಾನೂನು ತಿದ್ದಿತು. ನಡೆದುಹೋದ ಕೃತ್ಯಕ್ಕೆ ಆಮೇಲೆ ಅನುಮತಿ ಬರೆದುಕೊಂಡ ಹಾಗಾಯಿತು. ಕಾಯ್ದೆಯನ್ನು ರದ್ದುಮಾಡುವುದು ಪ್ರಜಾಪ್ರಭುತ್ವದ ಹಕ್ಕು. ರದ್ದತಿಯ ಫಲವನ್ನು ಮುಂದಿನವರು ಅಳೆಯದಂತೆ ಮಾಡುವುದು ಆ ಹಕ್ಕಿನೊಳಗೆ ಬರುವುದಿಲ್ಲ. ನಮ್ಮ ನಿರ್ಧಾರ ತಪ್ಪಿರಬಹುದು ಎಂಬ ಸಾಧ್ಯತೆಯನ್ನು ತೆರೆದಿಡುವುದು ಅಧಿಕಾರದಲ್ಲಿರುವವರ ಕನಿಷ್ಠ ಸತ್ಯನಿಷ್ಠೆ.

ದಾಖಲೆ ಉಳಿದರೆ ಮುಂದಿನ ಸರ್ಕಾರ ಅದನ್ನೇ ಹಿಡಿದು ಮನೆಮನೆಗೆ ಬಂದು ಬಂದೂಕು ಕಿತ್ತುಕೊಳ್ಳುತ್ತದೆ ಎಂಬುದು ನಾಶದ ಪರವಾದ ವಾದವಾಗಿತ್ತು. ಈ ಭಯ ಬರಿಯ ಕಲ್ಪನೆ ಎನ್ನುವಂತಿಲ್ಲ. 2020ರ ಮೇ 1ರಂದು ಜಸ್ಟಿನ್ ಟ್ರೂಡೊ ಸರ್ಕಾರ ಸುಮಾರು 1,500 ಮಾದರಿಯ ಬಂದೂಕುಗಳನ್ನು ನಿಷೇಧಿಸಿದಾಗ ಅನೇಕರಿಗೆ ತಮ್ಮ ಶಂಕೆ ನಿಜವಾಯಿತು ಎನ್ನಿಸಿತು. ಆ ನಿಷೇಧದ ಹಿಂದೆ ಇದ್ದದ್ದು ನೋವಾ ಸ್ಕೋಷಿಯದ ದುರಂತ. ಏಪ್ರಿಲ್ 18ರ ರಾತ್ರಿ ಪೋರ್ಟಾಪಿಕ್ ಎಂಬ ಊರಿನಿಂದ ಹೊರಟ ಒಬ್ಬ ಮನುಷ್ಯ, ಪೊಲೀಸ್ ಕಾರನ್ನು ಹೋಲುವ ಕಾರಿನಲ್ಲಿ ತಿರುಗಿ, ಮರುದಿನ ತಾನು ಸಾಯುವ ಮುನ್ನ 22 ಜನರನ್ನು ಕೊಂದ. ಅವನಿಗೆ ಲೈಸೆನ್ಸೇ ಇರಲಿಲ್ಲ. ಅವನು ತಂದ ನಾಲ್ಕು ಬಂದೂಕುಗಳಲ್ಲಿ ಮೂರು ಅಮೆರಿಕದಿಂದ ಗಡಿ ದಾಟಿ ಕದ್ದು ಬಂದವು, ಒಂದು ಕೆನಡಾದಲ್ಲೇ ತೀರಿಕೊಂಡ ಪರಿಚಿತನ ಆಸ್ತಿಯಿಂದ ಬಂದದ್ದು. ಅವನ ಬಳಿ ಅಕ್ರಮ ಬಂದೂಕಿದೆ, ಸಂಗಾತಿಯನ್ನು ಹೊಡೆಯುತ್ತಾನೆ ಎಂದು ನೆರೆಯವರು ವರ್ಷಗಳ ಹಿಂದೆಯೇ ಪೊಲೀಸರಿಗೆ ಹೇಳಿದ್ದರು. ಇಲ್ಲಿ ಕೊರತೆಯಾದದ್ದು ತಿಳಿವಳಿಕೆಯಲ್ಲ, ತಿಳಿದದ್ದರ ಮೇಲೆ ನಡೆದುಕೊಳ್ಳುವ ಮನಸ್ಸು. ಎಂಥ ನೋಂದಣಿಯೂ ಆ ಮನಸ್ಸಿಗೆ ಬದಲಿಯಾಗದು. ಬೆಂಬಲಿಗರು ಇದನ್ನು ಒಪ್ಪಿಕೊಂಡರೆ ಅವರ ವಾದಕ್ಕೆ ಬಲವೇ ಹೆಚ್ಚುತ್ತದೆ.

ಲೆಕ್ಕ ಬಿಟ್ಟು ಮತ್ತೆ ಹಿಡಿದ ಇನ್ನೊಂದು ದೇಶದ ಅನುಭವವೂ ಇದೆ. ನ್ಯೂಜಿಲೆಂಡ್ 1983ರಲ್ಲಿ ರೈಫಲ್‌ಗಳ ನೋಂದಣಿ ಕೈಬಿಟ್ಟು ಮಾಲೀಕನ ಲೈಸೆನ್ಸ್ ಸಾಕೆಂದಿತು. ಹಳೆಯ ದಾಖಲೆಗಳು ತಪ್ಪುಗಳಿಂದ ತುಂಬಿದ್ದವು. 1990ರಲ್ಲಿ ಅರಾಮೊವಾನಾದಲ್ಲಿ 13 ಜನ ಹತರಾದರು. ನಿವೃತ್ತ ನ್ಯಾಯಾಧೀಶ ಥಾರ್ಪ್ 1997ರಲ್ಲಿ ನೋಂದಣಿ ಮರಳಿ ತನ್ನಿ ಎಂದು ಶಿಫಾರಸು ಮಾಡಿದರು, ಅದು ಕಪಾಟು ಸೇರಿತು. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ಶುಕ್ರವಾರದ ನಮಾಜಿಗೆ ಸೇರಿದ್ದ 51 ಜನರನ್ನು ಲೈಸೆನ್ಸ್ ಹೊಂದಿದ್ದವನೊಬ್ಬ ಕೊಂದ. ಸತ್ತವರಲ್ಲಿ ಭಾರತದವರೂ ಇದ್ದರು. ಒಬ್ಬ ಮನುಷ್ಯ ಒಂದರ ಮೇಲೊಂದು ಬಂದೂಕು ಕೂಡಿಹಾಕುತ್ತಿದ್ದಾನೆ ಎಂಬುದನ್ನು ತೋರಿಸಬಲ್ಲ ಲೆಕ್ಕ ಯಾವ ಕಚೇರಿಯಲ್ಲೂ ಇರಲಿಲ್ಲ. ಇದ್ದಿದ್ದರೆ ತಡೆಯುತ್ತಿತ್ತು ಎಂದು ಹೇಳಲಾಗದು. ಇದ್ದಿದ್ದರೆ ಯಾರಾದರೂ ಕೇಳುವ ಅವಕಾಶವಾದರೂ ಇರುತ್ತಿತ್ತು. 2023ರ ಜೂನ್ 24ರಂದು ಆ ದೇಶ ಹೊಸ ನೋಂದಣಿ ಆರಂಭಿಸಿತು. ನಲವತ್ತು ವರ್ಷದ ಅಂತರವನ್ನು ತುಂಬಲು ಐದು ವರ್ಷದ ಗಡುವು ಇಟ್ಟುಕೊಂಡಿದೆ.

ಕೆನಡಾ ಅರ್ಧ ದಾರಿ ಹಿಂದಕ್ಕೆ ಬಂದಿದೆ. ಕ್ವಿಬೆಕ್ 2018ರ ಜನವರಿ 29ರಿಂದ ತನ್ನದೇ ನೋಂದಣಿ ನಡೆಸುತ್ತಿದೆ. ವರ್ಷದ ಗಡುವು ಮುಗಿದಾಗ ಬಹುಪಾಲು ಬಂದೂಕುಗಳು ಇನ್ನೂ ಹೊರಗೇ ಇದ್ದವು. ಒಮ್ಮೆ ಮುರಿದ ಅಭ್ಯಾಸವನ್ನು ಮತ್ತೆ ಕಟ್ಟುವುದು ಅಷ್ಟು ಸುಲಭವಲ್ಲ. ಒಕ್ಕೂಟದ ಮಟ್ಟದಲ್ಲಿ, 2022ರ ಮೇ 18ರಿಂದ ರೈಫಲ್ ಮಾರುವವನು ಕೊಳ್ಳುವವನ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಕಡ್ಡಾಯವಾಗಿ ವಿಚಾರಿಸಬೇಕು. ಅದಕ್ಕೂ ಮುಂಚಿನ ಹತ್ತು ವರ್ಷ ಆ ವಿಚಾರಣೆ ಕೂಡ ಮಾರುವವನ ಇಚ್ಛೆಗೆ ಬಿಟ್ಟದ್ದಾಗಿತ್ತು. ಹಿಂಸಾದಾನದ ಬಗ್ಗೆ ಯೋಚಿಸಿದ ಯಾವ ಪರಂಪರೆಯೂ ಇಂಥ ಉದಾಸೀನವನ್ನು ಸ್ವಾತಂತ್ರ್ಯ ಎಂದು ಕರೆಯಲಾರದು. ಅಂಗಡಿಯವರು ಈಗ ಮಾರಾಟದ ವಿವರವನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳಬೇಕು, ಪೊಲೀಸರು ಅದನ್ನು ನೋಡಲು ನ್ಯಾಯಾಲಯದ ಅನುಮತಿ ತರಬೇಕು.

ಈ ಕೊನೆಯ ಏರ್ಪಾಡಿನಲ್ಲಿ 2012ಕ್ಕೆ ಸಲ್ಲಬೇಕಿದ್ದ ಪರಿಹಾರವೂ ಇದೆ. ನೋಂದಣಿಯನ್ನು ನಿಲ್ಲಿಸಿ, ಹಳೆಯ ದಾಖಲೆಯನ್ನು ನ್ಯಾಯಾಲಯದ ಬೀಗದಡಿ ಇಡಬಹುದಿತ್ತು. ರೈತನ ಮನೆಗೆ ಯಾರೂ ಹೋಗುತ್ತಿರಲಿಲ್ಲ, ಕೊಲೆಯ ತನಿಖೆಗೂ ಸಂಶೋಧಕರಿಗೂ ಜಾಡು ಉಳಿಯುತ್ತಿತ್ತು. ಸುರಕ್ಷತೆಗಾಗಿ ಮಾಡಿದ ಯಾವ ಕಾಯ್ದೆಯನ್ನೇ ಆಗಲಿ, ಯಾವ ದೇಶವೇ ಆಗಲಿ ರದ್ದುಮಾಡಲು ಹೊರಟಾಗ ನಾಗರಿಕರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಾಯ್ದೆ ಹೋಗಲಿ, ಅದರ ಲೆಕ್ಕವನ್ನು ಎಲ್ಲಿ ಇಡುತ್ತೀರಿ, ಅದನ್ನು ನೋಡುವ ಬೀಗದ ಕೈ ಯಾರ ಬಳಿ ಇರುತ್ತದೆ?